ಸವತಿಯಂಥ ದರ್ಜಿ

ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವ ಪ್ರಸಂಗ ನನಗೆ ಬರಲಿಲ್ಲ. ನನ್ನ ಪಾಲಿಗೆ ಸವತಿಯಾಗಿ ಬಂದವನು ಹಾರೂಗೇರಿಯ ಒಬ್ಬ ದರ್ಜಿ, ನಮ್ಮವರ ಬಾಲ್ಯದ ಗೆಳೆಯ. ನಮ್ಮವರು ಶಾಸಕರು. ಪ್ರತಿ ಅಧಿವೇಶನಕ್ಕೂ ಮುಂಚೆ ಅವನ ಹತ್ತಿರ ಒಂದು ಹೊಸ ಜಾಕೀಟು ಹೊಲಿಸುವುದು ಅವರ ರೂಢಿ. ಹೋದರೆ ಅರ್ಧ ದಿನ ಅಲ್ಲೇ. ಹೆಚ್ಚಿನ ಮಸೂದೆಗಳಿಗೆ ಪಕ್ಷ ಹೇಳಿದಂತೆ ಕೈ ಎತ್ತುವುದೇನೋ ಸರಿ, ಆದರೆ ಸ್ವಂತ ಬುದ್ಧಿ ಓಡಿಸಬೇಕಾದಾಗೆಲ್ಲ ಆ ಬುದ್ಧಿ ಇವರಿಗೆ ಹಾರೂಗೇರಿಯಲ್ಲೇ ಸಿಗುತ್ತಿತ್ತು. ನಾನೇನು ಬರೀ ರೊಟ್ಟಿ ಬಡಿಯಲಿಕ್ಕೆ ಇದ್ದೇನೆಯೇ?

ಆ ಸಲ ಬಂದದ್ದು, ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸರಿಗೂ ಪಿಂಚಣಿ ಕೊಡಿಸುವ ಮಸೂದೆ. ಪಕ್ಷ ಅವರವರ ಮನಸ್ಸಿಗೆ ಬಿಟ್ಟಿತ್ತು. ತಂಬಾಕು ವ್ಯಾಪಾರಿಗಳು ಮನೆಗೇ ಬಂದು, ಬೇಡ ಎಂದು ಹೇಳಿಹೋದರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ನನ್ನನ್ನು ಓದಿಸಿದ ನನ್ನವ್ವ ಕೆಮ್ಮಿ ಕೆಮ್ಮಿ ಸತ್ತವಳು. ನಾನು ಬೆಳಗಿನ ಚಹಾಕ್ಕೇ ಮಾತು ಶುರುಮಾಡಿದೆ. ಅವರು ಪೇಪರು ಮಡಚಿಟ್ಟು, "ಜಾಕೀಟ್ ನೋಡ್ಕೊಂಡ್ ಬರ್ತೇನಿ" ಎಂದು ಎದ್ದೇಬಿಟ್ಟರು.

ಮರುದಿನ ನಾನೇ ಬಸ್ಸು ಹತ್ತಿದೆ. ಅಂಗಡಿಗೆ ನುಗ್ಗಿದವಳೇ, "ಅವರ ಕಿವ್ಯಾಗ ಏನ್ ಊದ್ತೀರಿ ನೀವು?" ಎಂದೆ.

ದರ್ಜಿ ಗಾಬರಿಯಾಗಿ ಕುರ್ಚಿ ಒರೆಸಿದ. "ನಾ ಏನ್ ಹೇಳ್ಲಿ ವೈನಿ? ಜಾಕೀಟ್ ಮೈಮ್ಯಾಲ ಹಾಕಿ ಅಳತಿ ನೋಡೂಮುಂದ ನನ್ನ ಬಾಯಿ ತುಂಬ ಟಾಚಣಿ ಸೂಜಿ ಇರ್ತಾವ್ರಿ. ಅವ ಮಾತಾಡ್ತಾನ, ನಾ ಹ್ಞೂಂ ಅಂತೇನಿ. ಅಷ್ಟಽ."

ಕೇಳಿ ಹೊಟ್ಟೆ ಇನ್ನಷ್ಟು ಉರಿಯಿತು. ಜಾಣನಿಗೆ ಸೋತಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಸೋತದ್ದು ಬಾಯಿ ಬಿಡದವನಿಗೆ.

ಆ ಸಂಜೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಅವರೆದುರು ಕೂತೆ. ವ್ಯಾಪಾರಿಗಳ ಬಗ್ಗೆ, ಮುಂದಿನ ಚುನಾವಣೆಯ ಬಗ್ಗೆ ಅವರು ಹೇಳುತ್ತ ಹೋದರು. ನಾನು ಹ್ಞೂಂ ಅನ್ನುತ್ತ ಹೋದೆ. ನಾಲಿಗೆ ತುರಿಸುತ್ತಿತ್ತು. ಬಹಳ ಹೊತ್ತಾದ ಮೇಲೆ, "ನಿಮ್ಮವ್ವಗ ಆ ಕೆಮ್ಮು ಯಾವಾಗಿಂದ ಇತ್ತು?" ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅದೇ ಮೊದಲು. ಎಲೆ ಉಗುಳಿ ಬಂದು ಎಲ್ಲ ಹೇಳಿದೆ.

ಅವರು ಮಸೂದೆಯ ಪರವಾಗಿ ಕೈ ಎತ್ತಿದರು. ನನಗದು ಗೊತ್ತಾದದ್ದು ಫೋನಿನಲ್ಲಿ. ಫೋನು ಮಾಡಿದವನು ದರ್ಜಿ.

"ವೈನಿ, ಹೂಂ ಅಂದಾನ್ರಿ! ಈಗಽ ನನಗ ಫೋನ್ ಮಾಡಿದ್ದ."

ಅವ್ವನನ್ನು ನೆನೆದು ಅತ್ತೆ. ಮೊದಲು ಅವನಿಗೇ ಯಾಕೆ ಹೇಳಿದರು ಎಂದು ಇನ್ನೊಮ್ಮೆ ಅತ್ತೆ.