ಎಂಟು ಗಾಲಿಯ ನೈಂಟಿ

ತಿಕೋಟಾದ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಸಾದಿಕನಿಗೆ ದಿನವೂ ಎಷ್ಟೋ ಜನ ನಮಸ್ಕಾರ ಹೇಳುತ್ತಾರೆ. ದ್ರಾಕ್ಷಿ ತೋಟದವರು, ಪಿಂಚಣಿ ತೆಗೆಯಲು ಬಂದ ಮುದುಕಿಯರು, ಎಲ್ಲರಿಗೂ ಅವನು "ಬರ್ರಿ" ಎನ್ನುತ್ತಾನೆ. ಸಂಜೆ ಬಸ್ಸು ಹತ್ತಿ ವಿಜಯಪುರಕ್ಕೆ ಬಂದರೆ ಜೋರಾಪುರ ಪೇಟೆಯಲ್ಲಿ ಅವನದೊಂದು ಬಾಡಿಗೆ ಖೋಲಿ. ಸೈನ್ಯದಲ್ಲಿದ್ದಾಗ ಮದುವೆಯ ಮಾತು ಒಂದೆರಡು ಸಲ ನಡೆದಿತ್ತು. ಪ್ರತಿ ಸಲವೂ ವರ್ಗವಾಗಿ ಹೋಗುತ್ತಿದ್ದ. ಆಮೇಲೆ ಯಾರೂ ಕೇಳಲಿಲ್ಲ. ಇಟ್ಟಂಗಿಹಾಳದಲ್ಲಿರುವ ಅಕ್ಕ ರಾಜಬಿ ಈದ್‌ಗೆ ಸುರಕುಂಬಾ ಎಂಬ ಶಾವಿಗೆ ಪಾಯಸ ಕಳಿಸುತ್ತಾಳೆ. ಮನಸ್ಸು ಬಿಚ್ಚಿ ಮಾತಾಡಲು ಅವನಿಗೆ ಇದ್ದವನು ಶಂಕ್ರೆಪ್ಪ.

ಇಬ್ಬರೂ ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದವರು. ಮಹಾರಾಷ್ಟ್ರದ ಒಂದು ವರ್ಕಶಾಪಿಗೆ ಸಾದಿಕ ಹೊಸದಾಗಿ ಹೋಗಿದ್ದಾಗ ನಟ್ಟು ಬಿಚ್ಚುವ ಪಾನಾ ಕೈಜಾರಿ ಕಾಲ ಮೇಲೆ ಬಿತ್ತು. "ಯಪ್ಪಾ, ಸತ್ತೆನೋ!" ಎಂದು ಚೀರಿದ. ಪಕ್ಕದ ಗಾಡಿಯ ಅಡಿಯಿಂದ ಒಂದು ದನಿ ಕೇಳಿತು:

"ಯಾವೂರಲೇ ನಿಂದು?"

"ಬಿಜಾಪುರ."

"ನಂದು ಬಬಲೇಶ್ವರ. ಕಾಲು ಮುರೀತೋ, ಉಳೀತೋ?"

ಹಾಗೆ ಶುರುವಾದ ಗೆಳೆತನ ಅದು. ಅಲ್ಲಿನ ವಾಚನಾಲಯದಲ್ಲಿ ಬೆನ್ನು ಹರಿದ ಒಂದು ಪುಸ್ತಕವಿತ್ತು, ಬೇರೆ ಬೇರೆ ದೇಶಗಳ ಯುದ್ಧದ ಗಾಡಿಗಳ ಚಿತ್ರಗಳದು. ಅದರಲ್ಲಿ ಜರ್ಮನಿಯ ಒಂದು ಗಾಡಿ ಇಬ್ಬರ ಕಣ್ಣಿಗೂ ಬಿತ್ತು. ಕೆಳಗೆ ಲಾರಿಯ ಹಾಗೆ ಎಂಟು ರಬ್ಬರ್ ಗಾಲಿ, ಮೇಲೆ ದೊಡ್ಡ ಟ್ಯಾಂಕಿನಿಂದ ಎತ್ತಿ ತಂದು ಕೂರಿಸಿದ ಟರೆಟ್, ಅಂದರೆ ಸುತ್ತ ತಿರುಗುವ ತೋಪಿನ ಮಂಡೆ. ರಾಡ್‌ಕಾಂಫ್‌ವಾಗನ್ ೯೦ ಎಂದು ಅದರ ಹೆಸರು. ತೊಂಬತ್ತರ ದಶಕಕ್ಕೆಂದು ಪರೀಕ್ಷೆಗಾಗಿ ಮಾಡಿದ್ದರು. ಜರ್ಮನಿಯ ಸೈನ್ಯಕ್ಕೆ ಅದು ಬರಲೇ ಇಲ್ಲ. ಈಗ ಅಲ್ಲಿನ ಮ್ಯೂಸಿಯಂ ಒಂದರಲ್ಲಿ ನಿಂತಿದೆ. ಇಷ್ಟುದ್ದದ ಹೆಸರು ಬಾಯಲ್ಲಿ ಹೊರಳದೆ ಶಂಕ್ರೆಪ್ಪ ಅದನ್ನು 'ನೈಂಟಿ' ಎಂದ. ಅದೇ ನಿಂತಿತು.

ಅವರ ಜಗಳವೂ ಆ ಚಿತ್ರದಿಂದಲೇ ಹುಟ್ಟಿತು. ಮೈ ಒಂದರದು, ಮಂಡೆ ಇನ್ನೊಂದರದು. ಹಾಗಿದ್ದರೆ ಹೆಸರು ಯಾವುದರದು?

"ಗಾಲೀದಲೇ," ಎನ್ನುತ್ತಿದ್ದ ಶಂಕ್ರೆಪ್ಪ. "ಜರ್ಮನ್ನ್ಯಾಗ ರಾಡ್ ಅಂದ್ರ ಗಾಲಿ. ಹೆಸರಿನ ಮೊದಲಿಗೇ ಇಟ್ಟಾರ ನೋಡು. ಟರೆಟ್ ಇವತ್ತೊಂದು ಇರ್ತೈತಿ, ನಾಳೆ ಕಿತ್ತು ಮತ್ತೊಂದು ಹಾಕ್ತಾರ."

"ಹೌದಪಾ, ಆದ್ರ ದೂರಿಂದ ಕಾಣೂದು ಏನು? ಟರೆಟ್ಟ. ಮನಷ್ಯಾನ್ನ ಕಾಲು ನೋಡಿ ಗುರುತು ಹಿಡೀತಾರೇನಲೇ?"

ನಿವೃತ್ತಿಯಾದ ಮೇಲೂ ಇದು ಮುಗಿಯಲಿಲ್ಲ. ಶಂಕ್ರೆಪ್ಪ ಬಬಲೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಹಾಕಿದ. ಅಲ್ಲೊಂದು ಲೋಹ ಕಡೆಯುವ ಹಳೆಯ ಲೇಥ್ ಮಶಿನ್ ಇತ್ತು. ಸಾದಿಕ ತನ್ನ ಖೋಲಿಯಲ್ಲಿ ಬೇವಿನ ಕಟ್ಟಿಗೆ ಕೆತ್ತಿ ಅಂಗೈಯಗಲದ ಗಾಡಿಗಳನ್ನು ಮಾಡುತ್ತಿದ್ದ. ಶಂಕ್ರೆಪ್ಪ ಅಲ್ಯುಮಿನಿಯಂ ಚೂರುಗಳನ್ನು ಲೇಥಿಗೆ ಕೊಟ್ಟು ಟರೆಟ್ ತೆಗೆಯುತ್ತಿದ್ದ. ಲುಕ್ಸ್ ಎಂಬ ಎಂಟು ಗಾಲಿಯ ಗಸ್ತಿನ ಗಾಡಿಗೆ ಸಣ್ಣ ತೋಪಿನದು, ನೈಂಟಿಗೆ ದೊಡ್ಡದು. ಇನ್ನೂ ದಪ್ಪ ತೋಪು ಹೊರಲಿ ಎಂದು ಜರ್ಮನಿಯವರು ನೈಂಟಿಯನ್ನು ಕಟ್ಟಿದ್ದರಂತೆ, ಆದರೆ ಆ ತೋಪು ಕೂಡಿ ಬಂದಿರಲಿಲ್ಲ. ಶಂಕ್ರೆಪ್ಪ ಅಂಥ ಟರೆಟ್ಟನ್ನೂ ಬಬಲೇಶ್ವರದಲ್ಲಿ ಮಾಡಿ ಮುಗಿಸಿದ್ದ. ಎಲ್ಲ ಗಾಡಿಗಳ ತೂತೂ ಒಂದೇ ಅಳತೆ. ಯಾವ ಟರೆಟ್ ಯಾವ ಗಾಡಿಗಾದರೂ ಕೂರುತ್ತಿತ್ತು. ರವಿವಾರ ಸಾದಿಕ ಚೀಲದಲ್ಲಿ ಗಾಡಿಗಳನ್ನು ಹಾಕಿಕೊಂಡು ಹೋಗುತ್ತಿದ್ದ. ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕೂತು ಒಂದರದು ಕಿತ್ತು ಇನ್ನೊಂದಕ್ಕೆ ಹಾಕಿ, ಹೊಸ ಹೆಸರಿಟ್ಟು, ಊಟದ ಹೊತ್ತಿನವರೆಗೆ ಜಗಳಾಡುತ್ತಿದ್ದರು. ಬಾಕ್ಸರ್ ಎಂಬ ಹೊಸ ಗಾಡಿಯನ್ನು ಕಟ್ಟುವಾಗ ಜರ್ಮನಿಯವರು ಒಂದು ಹೆಸರು, ಇಂಗ್ಲೆಂಡಿನವರು ಒಂದು, ಡಚ್ಚರು ಇನ್ನೊಂದು ಹೇಳುತ್ತಿದ್ದರೆಂದು ಮೊಬೈಲಿನಲ್ಲಿ ಓದಿದ ದಿನ ಶಂಕ್ರೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅವ್ರಿಗೇ ತಿಳಿದಿಲ್ಲಲೇ ಸಾದ್ಯಾ, ನಾವ್ಯಾಕ ಬಡಿದಾಡಾಕತ್ತೇವಿ?"

ಕಳೆದ ದೀಪಾವಳಿಯ ಆಚೀಚೆ ಶಂಕ್ರೆಪ್ಪನಿಗೆ ಲಕ್ವಾ ಹೊಡೆಯಿತು. ವಿಜಯಪುರದ ದವಾಖಾನೆಯಲ್ಲಿದ್ದಷ್ಟು ದಿನ ಸಾದಿಕ ಬ್ಯಾಂಕು ಮುಗಿಸಿ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಒಳಗೆ ಮನೆಯವರನ್ನಷ್ಟೇ ಬಿಡುತ್ತಿದ್ದರು. ಕೇಳಿದರೆ ಶಂಕ್ರೆಪ್ಪ ತನಗೆ ಏನಾಗಬೇಕೆಂದು ಹೇಳಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ.

ಮನೆಗೆ ಕರೆದುಕೊಂಡು ಹೋದ ಕೆಲವು ದಿನಕ್ಕೆ ಶಂಕ್ರೆಪ್ಪನ ಮಗ ಸಂಗು ಫೋನು ಮಾಡಿದ. ದನಿ ಕುಗ್ಗಿತ್ತು.

"ಕಾಕಾ, ಒಂದು ಮಾತು ಕೇಳ್ತೇನಿ. ಖರೇ ಹೇಳ್ರಿ. ಮಿಲಿಟ್ರ್ಯಾಗ ನಮ್ಮಪ್ಪ ಕುಡೀತಿದ್ರೇನು?"

"ಇಲ್ಲಪಾ. ತನ್ನ ರಮ್ಮಿನ ಕೋಟಾನೂ ಮಂದೀಗೇ ಕೊಡ್ತಿದ್ದ. ಯಾಕ?"

"ಬಾಯಾಗ ಒಂದ ಮಾತು ಉಳದೈತ್ರಿ. ನೈಂಟಿ, ನೈಂಟಿ ಅಂತಾರ. ನೋಡಾಕ ಬಂದವ್ರು ಮಾರಿ ಮಾರಿ ನೋಡಿ ನಗ್ತಾರ. ಅವ್ವ ಬಾಗಿಲಾ ಹಾಕ್ಕೊಂಡು ಕುಂತಾಳ."

ಸಾರಾಯಿ ಅಂಗಡಿಯಲ್ಲಿ ನೈಂಟಿ ಎಂದರೆ ಶೆರೆಯ ತೊಂಬತ್ತು ಎಂ.ಎಲ್. ಅಳತೆ ಎಂದು ಸಾದಿಕನಿಗೂ ಗೊತ್ತಿತ್ತು. ಅವನು ರಜೆ ಹಾಕಿ, ಕಟ್ಟಿಗೆಯ ನೈಂಟಿಯನ್ನು ಚೀಲಕ್ಕೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಒಳಗೊಳಗೆ ಒಂಥರಾ ಸಂತೋಷವೇ ಇತ್ತು. ಗೆಳೆಯ ಕರೆಯುತ್ತಿದ್ದಾನೆ, ಬೇರೆ ಯಾರಿಗೂ ತಿಳಿಯದ ಮಾತಿನಲ್ಲಿ ತನ್ನನ್ನೇ ಕರೆಯುತ್ತಿದ್ದಾನೆ ಎಂದುಕೊಂಡ.

ಶಂಕ್ರೆಪ್ಪ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಬಲಗೈ ಮಡಿಲಲ್ಲಿ ಬಿದ್ದಿತ್ತು. ಸಾದಿಕನನ್ನು ನೋಡಿ "ನೈಂಟಿ" ಎಂದ.

"ತಂದೇನಲೇ, ತಗೋ." ಸಾದಿಕ ಗಾಡಿಯನ್ನು ಅವನ ಎಡಗೈಗೆ ಇಟ್ಟ.

ಶಂಕ್ರೆಪ್ಪ ಅದನ್ನು ತಿರುಗಿಸಿ ನೋಡಿದ. ಮುಖದ ಮೇಲೆ ಏನೂ ಮೂಡಲಿಲ್ಲ. ಪಕ್ಕಕ್ಕೆ ಇಟ್ಟು ನೀರಿನ ತಂಬಿಗೆ ತೋರಿಸಿ "ನೈಂಟಿ" ಎಂದ. ಫ್ಯಾನು ತೋರಿಸಿಯೂ ಅದನ್ನೇ ಹೇಳಿದ. ಹೆಂಡತಿ ಗೌರಾಬಾಯಿ ಒಳಗಿನಿಂದ ಬಂದಾಗ ಅವಳಿಗೂ ಅದೇ ಹೆಸರು. ಬೇರೆ ಮಾತಿಗಾಗಿ ಅವನ ತುಟಿ ತಡಕಾಡುತ್ತಿತ್ತು, ಸಿಗದೆ ಕಣ್ಣಲ್ಲಿ ನೀರು ಬರುತ್ತಿತ್ತು.

ಸಾದಿಕ ಗಾಡಿಯನ್ನು ಗೌರಾಬಾಯಿಗೆ ತೋರಿಸಿದ. "ವೈನಿ, ಇದರ ಹೆಸರದು. ಶೆರೆ ಅಲ್ಲರಿ. ಇದನ್ನ ನಾವಿಬ್ರೂ ನೈಂಟಿ ಅಂತಿದ್ವಿ. ಕೇಳಿದವ್ರಿಗೆ ಹಂಗ ಹೇಳ್ರಿ."

ಅವಳು ಉಸಿರು ಬಿಟ್ಟು ಕೆಳಗೆ ಕೂತಳು. ಸಂಗು ಗಾಡಿಯನ್ನು ಎತ್ತಿಕೊಂಡು, ಓಣಿಯವರಿಗೆ ತೋರಿಸಿ ಬರುತ್ತೇನೆಂದು ಹೊರಗೆ ಹೋದ.

"ಸಾದಿಕಭಾಯಿ," ಎಂದಳು ಗೌರಾಬಾಯಿ, "ಇಷ್ಟು ವರ್ಷ ಬಾಳೇ ಮಾಡೇನಿ. ತಲ್ಯಾಗ ಎಲ್ಲಾ ಅಳಿಸಿ ಹೋದ ಮ್ಯಾಲೆ ನನ್ನ ಹೆಸರು ಉಳೀಲಿಲ್ಲ. ಈ ಕಟಗೀ ಗಾಡೀದು ಉಳೀತ್ರಿ."

ಸಾದಿಕನಿಗೆ ತಲೆ ಎತ್ತಲಾಗಲಿಲ್ಲ. ಅವಳದ್ದೇನೋ ತಾನು ಕದ್ದ ಹಾಗೆ ಅನ್ನಿಸಿತು. ತನ್ನ ಹೆಸರೂ ಉಳಿದಿಲ್ಲ ಎಂದು ಹೇಳಬೇಕೆಂದುಕೊಂಡ, ಹೇಳಲಿಲ್ಲ.

ಮಾತು ಕಲಿಸುವ ಡಾಕ್ಟರಮ್ಮ ಒಬ್ಬರ ಹತ್ತಿರ ಸಂಗು ತಂದೆಯನ್ನು ವಾರವಾರ ವಿಜಯಪುರಕ್ಕೆ ಕರೆದೊಯ್ದ. ಬಸ್‌ಸ್ಟ್ಯಾಂಡಿನಿಂದ ಕೈಹಿಡಿದು ನಡೆಸಲು ಬಿಡುವಿದ್ದಾಗ ಸಾದಿಕನೂ ಬರುತ್ತಿದ್ದ. ಕೈ ಹಿಡಿದವರು ಯಾರೆಂದು ಶಂಕ್ರೆಪ್ಪ ತಿರುಗಿ ನೋಡುತ್ತಿರಲಿಲ್ಲ. ಚಳಿ ಹೋಗಿ ಬಿಸಿಲು ಏರುವ ಹೊತ್ತಿಗೆ ಶಂಕ್ರೆಪ್ಪನ ಬಾಯಿಗೆ 'ನೀರು' ಎಂಬ ಮಾತು ಬಂತು, 'ರೊಟ್ಟಿ' ಬಂತು. ಒಂದು ದಿನ ಅಡುಗೆಮನೆಯ ಕಡೆ ಮುಖ ಮಾಡಿ "ಗೌರಾ" ಎಂದನಂತೆ. ಗೌರಾಬಾಯಿ ಫೋನು ಮಾಡಿ ಅತ್ತಳು. ಸಾದಿಕ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು, "ಭಾಳ ಛಲೋ ಆತ್ರಿ ವೈನಿ, ಭಾಳ ಛಲೋ ಆತು" ಎಂದು ಮತ್ತೆ ಮತ್ತೆ ಹೇಳಿದ.

ಹೊಸ ಮಾತುಗಳು ಬಂದ ಹಾಗೆ ನೈಂಟಿ ಹೋಯಿತು, ಅದರ ಜೊತೆ ಸೈನ್ಯದ ದಿನಗಳ ನೆನಪೂ ಹೋಯಿತು. ಶಂಕ್ರೆಪ್ಪ ಅಂಗಡಿಯ ತನಕ ನಡೆಯತೊಡಗಿದ. ಲೇಥಿನ ಮೇಲೆ ಸಾಲಾಗಿದ್ದ ಟರೆಟ್‌ಗಳನ್ನು ಕಂಡು, ಇವು ಯಾವ ಪಂಪಿನ ಸಾಮಾನು ಎಂದು ಸಂಗುವನ್ನು ಕೇಳಿದ.

ಅದೇ ವಾರದ ರವಿವಾರ ಸಾದಿಕ ಹೋದಾಗ ಅವನು ಕಟ್ಟೆಯ ಮೇಲೆ ಕೂತಿದ್ದ. ಸಾದಿಕನನ್ನು ಕಂಡು ಎದ್ದು ನಿಲ್ಲಲು ನೋಡಿದ.

"ಬರ್ರಿ ಸಾಹೇಬ್ರ, ಕುಂದರ್ರಿ. ಚಾ ಕುಡೀತೀರೇನು?"

ಅವನ ಬಾಯಿಂದ 'ಲೇ ಸಾದ್ಯಾ' ಬಿಟ್ಟು ಬೇರೆ ಕರೆಯನ್ನು ಸಾದಿಕ ಎಂದೂ ಕೇಳಿರಲಿಲ್ಲ. ಕೂತುಕೊಂಡ.

"ಹೂಂ, ಕುಡೀತೇನಿ."

"ಊರು ಯಾವ್ದುರಿ ನಿಮ್ದು?"

"ಇಲ್ಲೇ, ಬಿಜಾಪುರ."

"ಹೌದೇನ್ರಿ? ದೂರಿಂದ ಬಂದೀರಿ," ಎಂದ ಶಂಕ್ರೆಪ್ಪ ಕಾಳಜಿಯಿಂದ.

ಗೌರಾಬಾಯಿ ಚಹಾ ತಂದಳು. ಗಂಡನಿಗೆ ಏನೋ ಹೇಳಹೊರಟಳು. ಸಾದಿಕ ಬೇಡವೆಂದು ಕೈ ಮಾಡಿದ. ಇಬ್ಬರೂ ಚಹಾ ಕುಡಿದರು. ಶಂಕ್ರೆಪ್ಪನ ಎಡಗೈಯಲ್ಲಿ ಬಟ್ಟಲು ವಾಲಿದಾಗ ಸಾದಿಕ ಅಡಿಯಲ್ಲಿ ಕೈ ಕೊಟ್ಟ. ಕಾಖಂಡಕಿಯ ಬಸ್ಸು ಧೂಳೆಬ್ಬಿಸಿ ಹೋಯಿತು. ಶಂಕ್ರೆಪ್ಪ ಅದು ಕಣ್ಮರೆಯಾಗುವ ತನಕ ನೋಡಿದ, ಸಾದಿಕ ಅವನನ್ನು ನೋಡಿದ.

ಈಗಲೂ ಸಾದಿಕ ಪ್ರತಿ ರವಿವಾರ ಹೋಗುತ್ತಾನೆ. ಖಾಲಿ ಕೈಯಲ್ಲಿ ಹೋಗುತ್ತಾನೆ. ಅಂಗಡಿಯಿಂದ ಮನೆಯವರೆಗೆ ಇಬ್ಬರೂ ಮೆಲ್ಲಗೆ ನಡೆಯುತ್ತಾರೆ. ಎದುರಿಗೆ ಪರಿಚಯದವರು ಸಿಕ್ಕರೆ ಶಂಕ್ರೆಪ್ಪ ನಿಂತು, ಸಾದಿಕನ ತೋಳು ಮುಟ್ಟಿ, "ಇವ್ರು ಬಿಜಾಪುರದವ್ರು. ಭಾಳ ಛಲೋ ಮನಷ್ಯಾರು" ಎಂದು ಪರಿಚಯ ಮಾಡಿಕೊಡುತ್ತಾನೆ. ಸಾದಿಕ ಹೊಸಬನ ಹಾಗೆ ಕೈ ಮುಗಿಯುತ್ತಾನೆ.