ಹದಿನೇಳು ಒಂದುಗಳ ಮುರಗೋಡ ಕಾಕಾ

ಮುರಗೋಡ ಕಾಕಾ ಯಾವ ಸಂಖ್ಯೆ ಕಂಡರೂ ಭಾಗಿಸಿ ನೋಡದೆ ಬಿಡುತ್ತಿರಲಿಲ್ಲ. ಪುಣೆಯ ಕಾತ್ರಜದಲ್ಲಿ ಬಸ್ಸು ಬಂದರೆ ನಾವೆಲ್ಲ ಬೋರ್ಡು ಓದುತ್ತೇವೆ, ಅವರು ನಂಬರ್ ಪ್ಲೇಟು ಓದುತ್ತಿದ್ದರು. "ಹದಿಮೂರರಿಂದ ಹೋಗ್ತದ ಇದು, ನಡಿ ಹತ್ತೂಣು" ಎನ್ನುವರು. ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಸಿಕ್ಕರಂತೂ ಅಲ್ಲೇ ನಿಂತುಬಿಡುವರು. "ಭಾಳ ಹಟಮಾರಿ ಅದ ನೋಡು, ಯಾರಿಗೂ ಜಗ್ಗೂದಿಲ್ಲ!" ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಆಫೀಸಿಗೆ ತಡವಾಗಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪುಣೆಗೆ ಬಂದ ಹೊಸದರಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಮೇಲಿನ ನಂಬರು ತಾಳೆ ನೋಡುವುದು ಅವರ ನೌಕರಿಯಾಗಿತ್ತಂತೆ. ನಿವೃತ್ತರಾದ ಮರುದಿನವೇ ಒಂದು ಸಂಖ್ಯೆ ಹಿಡಿದರು: ಸಾಲಾಗಿ ಹದಿನೇಳು ಒಂದುಗಳು. ಅದನ್ನು ಭಾಗಿಸುವ ಸಂಖ್ಯೆ ಉಂಟೋ ಇಲ್ಲವೋ, ಸಾಯುವುದರೊಳಗೆ ಕೈಯಾರೆ ಕಂಡುಹಿಡಿಯಬೇಕು. ಅಂಥ ಸಂಖ್ಯೆ ಇದ್ದರೆ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು ಎಂದು ಯಾರೋ ಮಾಸ್ತರರು ಹೇಳಿಕೊಟ್ಟಿದ್ದರು. ಅಂಥವನ್ನೇ ಆರಿಸಿ ದಿನಕ್ಕೆ ಹತ್ತರಂತೆ ಪರೀಕ್ಷಿಸುತ್ತಿದ್ದರು. ಸ್ನಾನ ಮಾಡಿ, ಪಾಟಿ ತೊಳೆದು ಬಳಪ ಹಿಡಿದು ಕೂತರೆ ಹತ್ತು ಭಾಗಾಕಾರ ಮುಗಿಯದೆ ಏಳುವಂತಿಲ್ಲ. ಲೆಕ್ಕವೆಲ್ಲ ಪಾಟಿಯ ಮೇಲೆ. ನೋಟುಬುಕ್ಕಿನಲ್ಲಿ ತಾರೀಖು, ಸಂಖ್ಯೆ ಮತ್ತು ಶೇಷ ಮಾತ್ರ. ಅವರ ಹೆಂಡತಿ, ಕಾಕು, ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ನೇಮ ಮಾತ್ರ ತಪ್ಪಿರಲಿಲ್ಲ.

ಕಂಪ್ಯೂಟರಿಗೆ ಹಾಕೋಣವೇ ಎಂದರೆ ಸಿಟ್ಟು. "ಅದು ಹೇಳಿದ್ರ ನಾ ಏನ್ ಮಾಡಿಧಾಂಗಾತು?"

ನಾನೋ ಅವಸರದವಳು. ಒಂದು ಭಾನುವಾರ ತಡೆಯಲಾರದೆ ಲ್ಯಾಪ್‌ಟಾಪಿಗೆ ಹಾಕಿಯೇಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 2071723. ಕಾಕಾ ಆಗಲೇ ಇಪ್ಪತ್ತೈದು ಲಕ್ಷದ ಹತ್ತಿರವಿದ್ದರು! ಅಂದರೆ ಎಂದೋ ಒಂದು ದಿನ ಶೇಷ ತಪ್ಪು ಬರೆದು ಅದನ್ನು ದಾಟಿ ಬಂದಿದ್ದರು. ಮುಂದಿನ ಭಾಜಕ ಐನೂರು ಕೋಟಿಯ ಆಚೆಗಿತ್ತು. ಈ ಜನ್ಮದಲ್ಲಿ ಅವರಿಗೆ ಸಿಗುವಂತಿರಲಿಲ್ಲ. ಹೇಳಿದರೆ ಅವರ ಹಟ ಮುರಿದಂತೆ, ಹೇಳದಿದ್ದರೆ ಪಾಪ, ಉಳಿದ ಆಯುಷ್ಯವೆಲ್ಲ ವ್ಯರ್ಥ.

ಎರಡು ವಾರ ಮುಖ ತಪ್ಪಿಸಿಕೊಂಡು ತಿರುಗಿದೆ. ಕೊನೆಗೆ ಅವರೇ ಮೆಟ್ಟಿಲ ಬಳಿ ಹಿಡಿದರು.

"ಮಷೀನಿಗೆ ಹಾಕಿದಿ, ಹೌದಿಲ್ಲೋ? ಸಂಖ್ಯಾ ಹೇಳಬ್ಯಾಡ. ಮುಂದ ಅದನೋ, ಹಿಂದ ಅದನೋ, ಅಷ್ಟ ಹೇಳು."

"ಹಿಂದೆ, ಕಾಕಾ."

ಬೈಯುತ್ತಾರೆಂದುಕೊಂಡೆ. ಅವರು ಒಳಗೆ ಹೋದರು, ಹಿಂದೆ ನಾನೂ ಹೋದೆ. ಅಷ್ಟೊಂದು ನೋಟುಬುಕ್ಕುಗಳಲ್ಲಿ ಅವರು ಹುಡುಕಲೇ ಇಲ್ಲ. ಒಂದನ್ನೇ ಎಳೆದು, ನೇರವಾಗಿ ಒಂದು ಪುಟ ತೆಗೆದರು. ಆ ದಿನದ ಹತ್ತನೆಯ ಸಂಖ್ಯೆಯನ್ನು ಪಾಟಿಯ ಮೇಲೆ ನಿಧಾನವಾಗಿ ಮತ್ತೆ ಭಾಗಿಸಿದರು. ಶೇಷ ಸೊನ್ನೆ ಬಂತು.

"ಅವತ್ತ ಒಳಗಿಂದ ಅಕಿ ಕರದಳು," ಎಂದರು. "'ಎದಿ ನೋಯ್ಲಿಕ್ಕ ಹತ್ತೇದ, ಲಗೂ ಬರ್ರಿ' ಅಂತ. 'ಒಂದ ಉಳದದ, ಬಂದೆ' ಅಂದೆ. ಗಡಬಡಿಸಿ ಮುಗಿಸಿ ಹೋಗೂದ್ರಾಗ ಎಲ್ಲಾ ಮುಗದಿತ್ತು."

"ಉತ್ತರ ಸಿಕ್ಕಿತಲ್ಲ ಕಾಕಾ" ಎಂದು ಏನೋ ಒಂದು ಹೇಳಿದೆ.

"ಬಿಟ್ಟು ಏಳಬೇಕಿತ್ತವ್ವಾ. ಮರುದಿನ ಸಮಾಧಾನದಿಂದ ಮಾಡಿದ್ರ ಇದೂ ಸಿಗ್ತಿತ್ತು."

ಮುಂದಿನ ಚಳಿಗಾಲದಲ್ಲಿ ಕಾಕಾ ಹೋದರು. ಆ ನೋಟುಬುಕ್ಕು ಈಗ ನನ್ನ ಬಳಿ ಇದೆ. ಆ ಪುಟದ ಹತ್ತನೆಯ ಸಾಲಿನಲ್ಲಿ ತಪ್ಪು ಶೇಷ ಹಾಗೇ ಉಳಿದಿದೆ, ಅವರು ಅದನ್ನು ತಿದ್ದಲಿಲ್ಲ.