ಇವತ್ತ ಯಾವ ಸೀರಿ

ಸಕ್ಕರೆ ಕಾಯಿಲೆ ಬರಬೇಕಾಗಿದ್ದದ್ದು ನನಗೆ. ಹುಬ್ಬಳ್ಳಿಯ ಡಾಕ್ಟರರ ಹತ್ತಿರ ಹೋದದ್ದೂ ನನ್ನ ಸಲುವಾಗಿಯೇ. ಆ ವರ್ಷ ನನ್ನ ಬಾಯಿ ಒಣಗುತ್ತಿತ್ತು, ಕಾಲು ಜುಮುಜುಮು ಅನ್ನುತ್ತಿದ್ದವು, ಎದೆ ಎರಡು ಸಲ ಹೊಡೆದುಕೊಂಡು ಮೂರನೆಯದನ್ನು ಮರೆತುಬಿಡುತ್ತಿತ್ತು. ಸಂಶಿಯ ಬಜಾರದಲ್ಲಿ ನನ್ನದೊಂದು ಸಣ್ಣ ಅರಿವೆ ಅಂಗಡಿ. ಗಿರಾಕಿಗಳಿಲ್ಲದಾಗ ನನ್ನ ಕೈನಾಡಿಯನ್ನು ನಾನೇ ಹಿಡಿದುಕೊಂಡು ಕೂರುತ್ತಿದ್ದೆ. ಗಿರಾಕಿಗಳಿದ್ದಾಗ ಸೀರೆ ಬಿಚ್ಚಿ ತೋರಿಸುತ್ತಲೇ, ಬಾಯಿ ಎಷ್ಟು ಒಣಗಿದೆ ಎಂದು ನಾಲಿಗೆಯಿಂದ ಸವರಿ ನೋಡಿಕೊಳ್ಳುತ್ತಿದ್ದೆ. ಇಷ್ಟೆಲ್ಲ ಕಾಳಜಿ ಮಾಡುವ ಮನುಷ್ಯನಿಗೆ ಒಂದಾದರೂ ರೋಗ ಇರಲೇಬೇಕು ಎಂದು ನನಗೆ ಖಾತ್ರಿಯಿತ್ತು.

ಹೆಂಡತಿ ಜೊತೆಗೆ ಬಂದಳು. "ಒಬ್ಬರ ಹ್ವಾದ್ರ ಬಸ್ಸಿನ್ಯಾಗ ಹೆದರ್ಕೊಂಡು ಅರ್ಧಾ ಹಾದ್ಯಾಗ ಇಳೀತೀರಿ. ನಡ್ರಿ, ನಾನೂ ಬರ್ತೀನಿ" ಎಂದಳು. ಆಕೆಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸವೇನೂ ಇರಲಿಲ್ಲ.

ಡಾಕ್ಟರರು ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿಮಗೇನೂ ಆಗಿಲ್ರಿ. ಹೆದರಿಕಿ ಒಂದ ಬಿಟ್ರ ಅಗದಿ ಗಟ್ಟಿ ಅದೀರಿ" ಎಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಅಷ್ಟರಲ್ಲಿ ಅವರ ಕಣ್ಣು ಮೂಲೆಯ ನೀರಿನ ಗಡಿಗೆಯ ಕಡೆ ಹೋಯಿತು. ಅಲ್ಲಿ ನನ್ನ ಹೆಂಡತಿ ವಾಟೆಯ ಮೇಲೆ ವಾಟೆ ನೀರು ಕುಡಿಯುತ್ತಿದ್ದಳು.

"ಅಕ್ಕಾರ, ನೀರಡಿಕಿ ಭಾಳ ಆಗತೈತೇನ್ರಿ?"

"ಬಿಸಲಾಗ ಬಂದೀವಲ್ರಿ, ಅದಕ್ಕ" ಎಂದಳು ಆಕೆ. ಹೊರಗೆ ಮಾರ್ಗಶಿರದ ಚಳಿಯಿತ್ತು.

ನಮ್ಮ ಅಂಗಡಿಗೆ ಬರಬೇಕಾದ ಅರಿವೆಯ ಗಂಟು ಎಷ್ಟೋ ಸಲ ತಪ್ಪಿ ಬಾಜೂ ಅಂಗಡಿಯಲ್ಲಿ ಇಳಿಯುತ್ತಿತ್ತು. ಈ ರೋಗವೂ ಹಾಗೆಯೇ ನನ್ನನ್ನು ತಪ್ಪಿ ಆಕೆಯಲ್ಲಿ ಇಳಿಯಿತು. ಆ ಗಂಟುಗಳನ್ನು ಮಾತ್ರ ನಾನು ಹೋಗಿ ಹೊತ್ತು ತರುತ್ತಿದ್ದೆ.

ಡಾಕ್ಟರರು ಹೇಳಿದ್ದು ಮೂರೇ ಮಾತು. "ಸಕ್ಕರಿ ಪೂರ್ತಿ ಬಂದ್ ಮಾಡ್ರಿ. ದಿನಾ ಮುಂಜಾನೆ ಗುಳಿಗಿ ತಗೋರಿ. ಹೊತ್ತಿಗೆ ಸರಿಯಾಗಿ ಉಣ್ರಿ." ಮೂರನ್ನೂ ನಾವು ಚಾಚೂ ತಪ್ಪದೆ ಪಾಲಿಸಿದೆವು, ನಮಗೆ ತಿಳಿದ ಹಾಗೆ.

ಸಕ್ಕರೆ ನಮ್ಮ ಮನೆಯಲ್ಲಿ ಬೀಗರು ಬಂದಾಗ ಮಾತ್ರ ಹೊರಬೀಳುವ ವಸ್ತು. ಅದನ್ನು ಡಬ್ಬಿಯ ಸಮೇತ ಬಾಜೂ ಮನೆಯ ಆಪಾಳಿಗೆ ಕೊಟ್ಟುಬಿಟ್ಟೆವು. ಆಪಾ ಗಾದಿ ಹೊಲಿಯುವವರ ಮನೆಯಾಕೆ, ನನ್ನ ಹೆಂಡತಿಗೆ ದಿನದ ಗೆಳತಿ. ಸಕ್ಕರೆ ಹೋಯಿತು, ಬೆಲ್ಲ ಉಳಿಯಿತು. ಬೆಲ್ಲವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಣಂತಿಗೆ ಕೊಡುವಂಥಾದ್ದು, ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಮುಂದೆ ಇಡುವಂಥಾದ್ದು, ಅದು ಹೇಗೆ ರೋಗ ತಂದೀತು? ಚಹಾಕ್ಕೂ ಅದೇ, ಸಾರಿಗೂ ಅದೇ. ಹಾಗಲಕಾಯಿ ಈ ರೋಗಕ್ಕೆ ಒಳ್ಳೆಯದಂತೆ ಎಂದು ನನ್ನ ಅವ್ವ ಯಾರಿಂದಲೋ ಕೇಳಿಕೊಂಡು ಬಂದಳು. ಅಂದಿನಿಂದ ನಿತ್ಯ ಹಾಗಲಕಾಯಿ ಪಲ್ಯ, ನಮ್ಮ ಕಡೆ ಮಾಡುವ ರೀತಿಯಲ್ಲಿ, ಹುಣಸೆಹಣ್ಣು ಹಿಂಡಿ ಒಂದು ಮುಷ್ಟಿ ಬೆಲ್ಲ ಹಾಕಿ. ಹೆಂಡತಿ ಮುಖ ಕಿವುಚಿಕೊಂಡು ಔಷಧವೆಂದು ತಿನ್ನುತ್ತಿದ್ದಳು. ಕಹಿ ತಿಂದಷ್ಟೂ ಸಕ್ಕರೆ ಏರಿತು.

ಮುಂದಿನ ಸಲ ಹೋದಾಗ ಡಾಕ್ಟರರು ಏನೇನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಪಲ್ಯದ ಹತ್ತಿರ ಬಂದಾಗ ಅವರ ಪೆನ್ನು ನಿಂತಿತು.

"ಬೆಲ್ಲಾ ಹಾಕಿ ಮಾಡ್ತೀರೇನ್ರಿ?"

ಆ ಸಲ ಅವ್ವನೂ ಬಂದಿದ್ದಳು. "ಬೆಲ್ಲಾ ಹಾಕದ ಹಾಗಲಕಾಯಿ ಎಮ್ಮೀನರ ಮೂಸಿ ನೋಡತೈತೇನೋ ಯಪ್ಪಾ?" ಎಂದಳು.

ಅಂದಿನಿಂದ ಬೆಲ್ಲವೂ ನಿಂತಿತು. ಅನ್ನ ಒಂದು ಹಿಡಿಗೆ ಇಳಿಯಿತು. ಎರಡು ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಮಜ್ಜಿಗೆ. ಚಹಾ ಕುಡಿಯುವಾಗ ಹೆಂಡತಿ ನನ್ನ ಮುಖ ನೋಡುತ್ತ ಕುಡಿಯುತ್ತಿದ್ದಳು. "ನಿಮ್ಮ ಮಾರಿ ನೋಡಿದ್ರ ಚಾ ಇನ್ನೂ ಸಪ್ಪಗಾಗತೈತಿ, ಆಚೀ ಕಡೆ ತಿರಗ್ರಿ" ಎನ್ನುವಳು.

ಆಗ ಮನೆಯಲ್ಲಿ ರಕ್ತ ನೋಡುವ ಯಂತ್ರವೆಲ್ಲಿ ಬರಬೇಕು. ಡಾಕ್ಟರರು ಒಂದು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ನೀರು ಕೊಡಿಸಿದ್ದರು. ಮುಂಜಾನೆಯ ಮೂತ್ರದ ನಾಲ್ಕಾರು ಹನಿಯನ್ನು ಆ ನೀಲಿ ನೀರಿಗೆ ಬಿಟ್ಟು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಇದ್ದರೆ ಅದು ಹಸಿರಾಗಿ, ಅರಿಸಿನವಾಗಿ, ಕೊನೆಗೆ ಇಟ್ಟಂಗಿಯ ಕೆಂಪಿಗೆ ತಿರುಗುತ್ತದೆ. ಈ ಕೆಲಸ ನನಗೆ ಹೇಳಿ ಮಾಡಿಸಿದಂತಿತ್ತು. ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ನಳಿಕೆಯನ್ನು ಬೆಳಕಿಗೆ ಹಿಡಿಯುತ್ತಿದ್ದೆ. ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಒಳಗಿನಿಂದ ಆಕೆ ಕೂಗುತ್ತಿದ್ದಳು:

"ಏನ್ರೀ ಸಾವಕಾರ್ರ, ಇವತ್ತ ಯಾವ ಸೀರಿ?"

"ಹಸರ."

"ದಿನಾ ಹಸರನ ಕೊಡ್ರಿ. ಒಂದಿನಾನರ ನೀಲಿ ಉಡಸ್ರಿ ಅಂದ್ರ ಅಂಗಡ್ಯಾಗ ಸ್ಟಾಕ್ ಇಲ್ಲಂತೀರಿ."

ನೀಲಿ ಬಂದ ದಿನಗಳೂ ಇದ್ದವು, ಕೆಲವೇ ಕೆಲವು. ಆ ದಿನ ಆಕೆ ರೊಟ್ಟಿಗೆ ಒಂದಿಷ್ಟು ಹೆಚ್ಚಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು, ನನಗೆ.

ಆ ಬೇಸಿಗೆ ಕಳೆಯುವ ಹೊತ್ತಿಗೆ ಆಕೆ ಹದಿನಾರು ಸೋಮವಾರದ ವ್ರತ ಹಿಡಿದಳು. ಸೋಮವಾರ ಇಡೀ ದಿನ ಉಪವಾಸ. ಸಂಜೆ ಊರ ಹೊರಗಿನ ಈಶ್ವರನ ಗುಡಿಗೆ ಬರಿಗಾಲಲ್ಲಿ ಹೋಗಬೇಕು. ಗೋಧಿ ಹಿಟ್ಟನ್ನು ತುಪ್ಪದಲ್ಲಿ ಹುರಿದು, ಬೆಲ್ಲ ಬೆರೆಸಿ, ನೈವೇದ್ಯ ಮಾಡಿ ಮೂರು ಪಾಲು ಮಾಡಬೇಕು. ದೇವರಿಗೊಂದು, ಬಂದವರಿಗೊಂದು, ತನಗೊಂದು. ನಡುವೆ ಒಂದು ವಾರ ಮುರಿದರೆ ಮತ್ತೆ ಮೊದಲಿನಿಂದ ಹಿಡಿಯಬೇಕು.

"ಯಾಕ ಬೇಕಾಗಿತ್ತು ನಿನಗ ಇದು?" ಎಂದೆ.

"ನನಗಲ್ಲ, ನಿಮಗ. ನಿಮ್ಮ ಎದಿ ಸಲುವಾಗಿ. ಅದಕ್ಕ ಡಾಕ್ಟರ್ ಕಡೆ ಗುಳಿಗಿ ಇಲ್ಲಂತ. ಈಶ್ವರನ ಕಡೆನರ ಇರಬೌದು."

ನಾನು ಒಲ್ಲೆ ಒಲ್ಲೆ ಎಂದೆ. ಒಳಗೊಳಗೆ ನನಗೆ ಹಿತವಾಗಿತ್ತು. ನನ್ನ ಎದೆಯ ಸಮಾಚಾರವನ್ನು ಇನ್ನೊಬ್ಬರು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು.

ಗುಳಿಗೆಯ ಮಾತೂ ಬಂದಿತ್ತು. ಗುಳಿಗೆ ಊಟವಲ್ಲ, ನುಂಗಿದರೆ ವ್ರತ ಕೆಡುವುದಿಲ್ಲ ಎಂದು ಅವ್ವ ತೀರ್ಪು ಕೊಟ್ಟಳು. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂಬ ಡಾಕ್ಟರರ ಮಾತಿಗೂ ಅಡ್ಡಿಯಿರಲಿಲ್ಲ. ಒಪ್ಪತ್ತಿನ ದಿನ ಉಣ್ಣುವ ಹೊತ್ತು ಸಂಜೆಯೇ.

ಶ್ರಾವಣದ ಒಂದು ಸೋಮವಾರ ಅಂಗಡಿಗೆ ಯಾರೋ ಓಡಿಬಂದು ಕರೆದರು. ಮನೆಗೆ ಹೋದರೆ ಹೆಂಡತಿ ಅಡಿಗೆಮನೆಯ ಹೊಸ್ತಿಲ ಹತ್ತಿರ ಮಲಗಿದ್ದಳು. ಕುಬಸ ತೊಯ್ದು ಮೈಗೆ ಹತ್ತಿತ್ತು. ಅವ್ವ ಪಕ್ಕದಲ್ಲಿ ಕೂತು ಸೆರಗಿನಿಂದ ಆಕೆಯ ಹಣೆ ಒರೆಸುತ್ತಿದ್ದಳು. ಅವ್ವನ ಮುಖದಲ್ಲಿ ಗಾಬರಿ ಇರಲಿಲ್ಲ.

"ಹೆದರಬ್ಯಾಡೋ. ಬೆವರ ಬಿಟ್ಟೈತಿ ನೋಡು. ಇಳೀತು."

ನಮ್ಮಲ್ಲಿ ಬೆವರು ಬಂತೆಂದರೆ ಬ್ಯಾನಿ ಇಳಿಯಿತು ಎಂದೇ ಅರ್ಥ. ಎಷ್ಟು ಜ್ವರಗಳಲ್ಲಿ ಆ ಬೆವರಿಗಾಗಿ ಕಂಬಳಿ ಹೊದ್ದಿಸಿ ಕಾದಿಲ್ಲ! ಹಣೆ ಒದ್ದೆಯಾದೊಡನೆ ಮನೆಯವರೆಲ್ಲ ಒಟ್ಟಿಗೆ ಉಸಿರು ಬಿಟ್ಟಿಲ್ಲ! ಸಕ್ಕರೆಯ ವಿಷಯದಲ್ಲಂತೂ ನಾವು ಇಷ್ಟು ತಿಂಗಳೂ ಕೇಳಿಕೊಂಡದ್ದು ಅದೊಂದನ್ನೇ, ಇಳಿಯಲಿ, ಇಳಿಯಲಿ ಎಂದು. ಊರ ಗಾಬರಿಯನ್ನೆಲ್ಲ ಗುತ್ತಿಗೆ ಹಿಡಿದ ನಾನು, ಆ ದಿನ, ಆ ಒಂದು ಗಳಿಗೆ, ನಿರಾಳವಾಗಿ ನಿಂತಿದ್ದೆ. ಸುಮ್ಮನೆ ಮಲಗಲಿ ಎಂದು ಕದವನ್ನೂ ಅರ್ಧ ಮುಂದೆ ಮಾಡಿದೆ.

ಆ ಕದ ದೂಡಿಕೊಂಡು ಆಪಾ ಬಂದಳು. ಹೆಂಡತಿಯ ಕೈ ಹಿಡಿದು ನೋಡಿ, "ಭಾಳ ತಣ್ಣಗದಾವಲ್ರಿ ಕೈ! ನಡಗಾಕತ್ತಾವು. ರಮಜಾನ್ ರೋಜಾದಾಗ ನಮ್ಮ ಅತ್ತಿಗೂ ಹಿಂಗ ಆಗಿತ್ತು. ಬಾಯಿಗೆ ಏನರ ಸಿಹಿ ಹಾಕ್ರಿ ಮೊದಲ" ಎಂದಳು.

"ಸಿಹಿ?" ಅವ್ವ ಎದ್ದು ನಿಂತಳು. "ಆಕೀಗೆ ಅದ ವಿಷ ಅಂತ ಡಾಕ್ಟರ್ ಹೇಳ್ಯಾನ. ಅದರಾಗ ಇವತ್ತ ಆಕೀದು ಒಪ್ಪತ್ತು. ಇನ್ನೂ ಹೊತ್ತ ಮುಣಗಿಲ್ಲ."

"ಹೊತ್ತ ಮುಣಗೂದರಾಗ ಆಕೀನ ಮುಣಗಿದ್ರ ಏನ ಮಾಡ್ತೀರವ್ವಾ?"

ಇಬ್ಬರೂ ನನ್ನನ್ನು ನೋಡಿದರು. ಹಾಕು ಎಂದೂ ಬೇಡ ಎಂದೂ ಹೇಳಲು ನನ್ನ ಬಾಯಿ ಏಳಲಿಲ್ಲ. ಆ ದಿನ ಅದು ನಿಜವಾಗಿಯೂ ಒಣಗಿತ್ತು. ಆಪಾ ಕಾಯಲಿಲ್ಲ. ಓಡಿಹೋಗಿ, ನಾವೇ ಕೊಟ್ಟಿದ್ದ ಡಬ್ಬಿ ತಂದು, ನೀರಿಗೆ ಸಕ್ಕರೆ ಸುರುವಿ, ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚ ಚಮಚ ಹಾಕಿದಳು. ಬಹಳ ಹೊತ್ತಿನ ಮೇಲೆ ಹೆಂಡತಿ ಕಣ್ಣು ಬಿಟ್ಟಳು. ತುಟಿ ಸವರಿಕೊಂಡಳು. ದೇವರ ಮಾಡದ ಕಡೆ ನೋಡಿದಳು. ಅಲ್ಲಿ ದೀಪ ಇನ್ನೂ ಹಚ್ಚಿರಲಿಲ್ಲ.

"ಹೊತ್ತ ಮುಣಗೈತೇನ್ರಿ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಮತ್ತ ಬಾಯಾಗ ಸಿಹಿ ಹೆಂಗ ಬಂತು?"

ಆಪಾ ಡಬ್ಬಿಯ ಮುಚ್ಚಳ ಮುಚ್ಚಿದಳು. ಆಕೆ ಗೋಡೆಯ ಕಡೆ ಹೊರಳಿ ಅತ್ತಳು. ಮಗಳನ್ನು ಮೊರಬ ಊರಿಗೆ ಮದುವೆ ಮಾಡಿ ಕಳಿಸುವಾಗಲೂ ಆಕೆ ಹಾಗೆ ಅತ್ತಿರಲಿಲ್ಲ.

ಮರುದಿನ ಹುಬ್ಬಳ್ಳಿಗೆ ಹೋದೆವು. ಡಾಕ್ಟರರು ಸಿಟ್ಟಿಗೆದ್ದರು. ಗುಳಿಗೆ ನುಂಗಿ ಉಣ್ಣದಿದ್ದರೆ ಸಕ್ಕರೆ ಮಿತಿಮೀರಿ ಇಳಿಯುತ್ತದೆ, ಆಗ ಬರುವ ಬೆವರು ಅದು, ಜೀವ ಹೋಗುತ್ತಿತ್ತು ಎಂದರು. ಹೊರಡುವಾಗ ಮತ್ತೊಮ್ಮೆ ಹೇಳಿದರು: "ನೆನಪಿರಲಿ. ಗುಳಿಗಿ, ಉಪಾಸ ಎರಡೂ ಕೂಡಂಗಿಲ್ಲ."

ಬಸ್ಸಿನಲ್ಲಿ ಇಬ್ಬರೂ ಸಮಾಧಾನದಿಂದ ಕೂತಿದ್ದೆವು. ಎರಡರಲ್ಲಿ ಒಂದನ್ನು ಬಿಡಬೇಕು ಎಂಬುದು ಇಬ್ಬರಿಗೂ ತಿಳಿದಿತ್ತು. ಆಕೆ ಉಪವಾಸ ಬಿಡುತ್ತಾಳೆ ಎಂದು ನಾನು ತಿಳಿದೆ. ಆಕೆ ಬಿಟ್ಟದ್ದು ಗುಳಿಗೆಯನ್ನು.

ಮೊದಲು ಸೋಮವಾರಕ್ಕಷ್ಟೇ ಎಂದಳು. ಆದರೆ ಅಂದು ಬಿದ್ದ ಭಯ ಮೈಯಲ್ಲಿ ಕೂತುಬಿಟ್ಟಿತ್ತು. ಆ ಗುಳಿಗೆಯೇ ಆಕೆಯನ್ನು ಕೆಡವಿತು ಎಂದು ಅವ್ವನೂ ದನಿಗೂಡಿಸಿದಳು. ಬರಬರುತ್ತ ಗುಳಿಗೆಯ ಪುಡಿಕೆ ದೇವರ ಮಾಡದಲ್ಲಿ ವಿಭೂತಿಯ ಪಕ್ಕ ಕೂತಿತು. ವ್ರತ ಮೊದಲಿನಿಂದ ಶುರುವಾಯಿತು. ಮುಂಜಾನೆಯ ನಳಿಕೆ ಅರಿಸಿನಕ್ಕೆ ತಿರುಗಿತು, ಆಮೇಲೆ ಕೆಂಪಿಗೆ.

"ಇವತ್ತ ಯಾವ ಸೀರಿ?"

"ಇಟ್ಟಂಗಿ ಬಣ್ಣದ್ದು" ಎನ್ನುತ್ತಿದ್ದೆ.

"ಮದವಿ ಸೀರಿ ಅನ್ರಿ ಹಂಗಾದ್ರ."

ನಾನು ಬೇಡಿಕೊಂಡೆ, ರೇಗಿದೆ, ಊಟ ಬಿಟ್ಟು ನೋಡಿದೆ. ಕೊನೆಗೆ ಆಕೆಯೇ ಒಂದು ಕರಾರಿಗೆ ಬಂದಳು. "ನೀವು ಗಾಬರಿ ಆಗೂದ ಬಿಡ್ರಿ, ನಾ ಸೋಮವಾರ ಬಿಡ್ತೀನಿ. ನೀವು ಆರಾಮ ಅದೀರಿ ಅಂತ ನನಗ ಖರೇ ಅನಸಬೇಕು, ಅಷ್ಟ."

ಇಷ್ಟು ಸೋವಿಯ ಕರಾರು ನನ್ನ ವ್ಯಾಪಾರದಲ್ಲಿ ಎಂದೂ ಬಂದಿರಲಿಲ್ಲ. ನಾನು ನಿಶ್ಚಿಂತನ ಸೋಗು ಹಾಕಿದೆ. ಊಟದ ಮೇಲೆ ಢರ್ರನೆ ತೇಗಿದೆ. ಬಾರದ ಸಿಳ್ಳೆ ಹಾಕಿದೆ. ಏಳುವಾಗ "ಅಯ್ಯೋ" ಅನ್ನುವುದನ್ನು ಅರ್ಧಕ್ಕೆ ನುಂಗಿ ಕೆಮ್ಮು ಮಾಡಿದೆ. ಆದರೆ ಆಕೆಯ ಸ್ಥಿತಿ ನೋಡಿದಷ್ಟೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಎದೆ ಹೊಡೆದುಕೊಂಡಷ್ಟೂ ಕೈ ತಾನಾಗಿಯೇ ನಾಡಿಯ ಮೇಲೆ ಹೋಗುತ್ತಿತ್ತು. ಒಂದು ದಿನ ಶರಟಿನ ತೋಳಿನೊಳಗೆ ಬೆರಳು ತೂರಿಸಿಕೊಂಡು ಕೂತದ್ದನ್ನು ಆಕೆ ನೋಡಿದಳು.

"ಎಷ್ಟ ಹೊಡೀತ್ರಿ?" ಎಂದು ನಕ್ಕಳು. "ನಿಮ್ಮ ಕಡೆಯಿಂದ ಆಗಂಗಿಲ್ಲ ಬಿಡ್ರಿ. ನಾನ ಮುಗಸ್ತೀನಿ."

ವ್ರತದ ಕೊನೆಯ ವಾರಗಳಲ್ಲಿ ಆಕೆ ಕಾಲು ಎಳೆದು ನಡೆಯುವುದು ಅವ್ವನ ಕಣ್ಣಿಗೆ ಬಿತ್ತು. ಅಂಗಾಲು ತಿರುಗಿಸಿ ನೋಡಿದರೆ ಒಂದು ಜಾಲಿ ಮುಳ್ಳು ಮುರಿದು ಒಳಗೆ ಕೂತಿತ್ತು. ಸುತ್ತ ಕಪ್ಪಾಗಿತ್ತು. ಗುಡಿಯ ಹಾದಿಯಲ್ಲಿ ಚುಚ್ಚಿದ್ದು, ಯಾವ ಸೋಮವಾರದ್ದು ಎಂಬುದು ಆಕೆಗೇ ಗೊತ್ತಿರಲಿಲ್ಲ. ನೋವೇ ಆಗಿರಲಿಲ್ಲ. ನನಗೋ, ಇಲ್ಲದ ಮುಳ್ಳುಗಳೆಲ್ಲ ಚುಚ್ಚುತ್ತಿದ್ದವು. ಆಕೆಗೆ ಇದ್ದ ಮುಳ್ಳು ತಿಳಿಯಲಿಲ್ಲ.

"ಇನ್ನೊಂದ ಸೋಮವಾರ ಐತ್ರಿ, ಅದನ್ನ ಮುಗಿಸಿ ಹುಬ್ಬಳ್ಳಿಗೆ ಹೋಗೂಣು" ಎಂದಳು. ನಾನು ಕೇಳಲಿಲ್ಲ, ಜೀಪು ತರಿಸಿದೆ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಳು, ಹತ್ತಲಿಲ್ಲ. ಆ ಸೋಮವಾರ ಅವ್ವನ ಹೆಗಲ ಮೇಲೆ ಕೈಯಿಟ್ಟು ಗುಡಿಗೆ ಹೋಗಿ, ಮೂರು ಪಾಲು ಮಾಡಿ ಬಂದಳು. ಮರುದಿನ ಹುಬ್ಬಳ್ಳಿಯಲ್ಲಿ ಕಾಲು ತೆಗೆಯುವ ಮಾತು ಬಂತು. ಅದಕ್ಕೆ ತಯಾರಿ ಮಾಡುವಷ್ಟರಲ್ಲಿ ನಂಜು ಮೇಲೇರಿತ್ತು.

ಮನೆಗೆ ತಂದಾಗ ಓಣಿಯ ಹೆಂಗಸರೆಲ್ಲ ಸೇರಿದ್ದರು. "ಪುಣ್ಯವಂತಿ, ಮುತ್ತೈದಿ ಆಗಿ ಹ್ವಾದ್ಳು. ಹದಿನಾರು ಸೋಮವಾರ ಸುಳ್ಳ ಆಗಲಿಲ್ಲ ನೋಡ್ರಿ, ಗಂಡ ಹೆಂಗ ಗಟ್ಟಿ ಅದಾನ" ಎಂದು ಅವರೊಳಗೊಬ್ಬಳು ಅಂದಳು. ಆಕೆ ಕೆಟ್ಟದ್ದಕ್ಕೆ ಅಂದದ್ದಲ್ಲ. ನನ್ನ ಕೈ ನಾಡಿಯ ಮೇಲೆ ಹೋಗಿತ್ತು. ನಾಡಿ ಒಂದನ್ನೂ ಮರೆಯದೆ ಸರಿಯಾಗಿ ಹೊಡೆಯುತ್ತಿತ್ತು.

ಮೈಮೇಲೆ ಉಡಿಸಲು ಹೊಸ ಸೀರೆ ಬೇಕಾಗಿತ್ತು. ಆಪಾಳ ಗಂಡ ನನ್ನ ಹತ್ತಿರ ಬಂದು ಅಂಗಡಿಯ ಕೀಲಿ ಕೇಳಿದ. ಆತನಿಗೆ ನಮ್ಮ ಮುಂಜಾನೆಯ ಮಾತೇನೂ ಗೊತ್ತಿರಲಿಲ್ಲ.

"ಕಾಕಾ, ಯಾವ ಸೀರಿ ತರ್ಲ್ರಿ?"

"ನೀಲಿ" ಎಂದೆ.

"ಮುತ್ತೈದಿಗೆ ಹಸರ ಉಡಸಬೇಕೋ" ಎಂದು ಅವ್ವ ಒಳಗಿನಿಂದ ಹೇಳಿದಳು.

"ಹಸರ ಬ್ಯಾಡವ್ವಾ. ಹಸರ ದಿನಾ ಆಗೈತಿ ಆಕೀಗೆ" ಎಂದೆ. ಬಲಗಡೆಯ ಮೇಲಿನ ಕಪಾಟಿನಲ್ಲಿ ಕೆಂಪು ದಡಿಯ ನೀಲಿ ಸೀರೆ ಇದೆ, ತಾ ಎಂದು ಕೀಲಿ ಕೊಟ್ಟೆ.